ಅಪ್ಪನಿಗೂ ಮಗಳಿಗೂ ಹಿಡಿಸುವ ಬಸ್ಸಾರು ಹೇಗೆ ಮಾಡಲಿ?

ಮದ್ದೂರಿನ ಮಗಳು:
ಎಲ್ಲರಿಗೂ ನಮಸ್ಕಾರ. ನಾವು ಮದ್ದೂರಿನ ಕಡೆಯವರು, ಆರು ವರ್ಷದಿಂದ ಪುಣೆಯಲ್ಲಿದ್ದೇವೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾರೆ. ವಾರಕ್ಕೆ ಎರಡು ದಿನವಾದರೂ ಅವರಿಗೆ ಮುದ್ದೆ, ಬಸ್ಸಾರು ಬೇಕು. ಒಂಬತ್ತು ವರ್ಷದ ಮಗಳು ಮಾತ್ರ "ಇವತ್ತೂ ಅದೇನಾ ಅಮ್ಮ?" ಅನ್ನುತ್ತಾಳೆ.

ಒಂದು ಲೋಟ ತೊಗರಿಬೇಳೆ, ಒಂದು ಕಟ್ಟು ದಂಟಿನ ಸೊಪ್ಪು ಕುಕ್ಕರಿಗೆ ಹಾಕಿ ಎರಡು ವಿಶಲ್ ಕೂಗಿಸುತ್ತೇನೆ. ನೀರು ಬಸಿದು, ಕಾಯಿ, ಹಸಿ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು, ಎರಡು ಚಮಚ ಸಾರಿನ ಪುಡಿ ರುಬ್ಬಿ ಅದಕ್ಕೆ ಹಾಕಿ ಕುದಿಸುತ್ತೇನೆ. ಉಳಿದ ಬೇಳೆ, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ರುಚಿ ಕೆಟ್ಟದ್ದೇನಲ್ಲ, ಪ್ರತಿಸಲ ಒಂದೇ ಥರ ಅಷ್ಟೇ. ಅಪ್ಪ "ಇದು ಬಸ್ಸಾರೇ ಅಲ್ಲ" ಅನ್ನಬಾರದು, ಅವಳೂ ತಟ್ಟೆ ಸರಿಸಬಾರದು. ಪನೀರು, ಚೀಸು ಹಾಕಿ ಅನ್ನಬೇಡಿ ದಯವಿಟ್ಟು.

ಹಾಸನದ ಅಜ್ಜಿ:
ನೋಡಮ್ಮ, ಮೊದಲು ಕುಕ್ಕರ್ ಬಿಡು. ಬೇಳೆ ಕರಗಿ ಕಟ್ಟು, ಅಂದರೆ ಬಸಿದ ನೀರು, ಮಂದವಾದರೆ ಅದು ಬೇಳೆಸಾರಾಯ್ತು. ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು ಬೇಯಿಸು. ಹಿಸುಕಿದರೆ ಬೇಳೆ ಮುರಿಯಬೇಕು, ನುಣ್ಣಗಾಗಬಾರದು. ಸೊಪ್ಪು ಆಮೇಲೆ ಹಾಕು.

ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿ ರುಬ್ಬಬೇಡ. ನಮ್ಮ ಅತ್ತೆ ಸೌದೆ ಒಲೆಯ ಕೆಂಡದಲ್ಲಿ ಇಡೀ ಈರುಳ್ಳಿ ಹುದುಗಿಸಿಡುತ್ತಿದ್ದರು. ಸಿಪ್ಪೆ ಕಪ್ಪಾಗಿ, ಒಳಗೆ ಮೆತ್ತಗೆ, ಸಿಹಿಯಾಗುತ್ತಿತ್ತು. ನೀನು ಗ್ಯಾಸ್ ಉರಿಯ ಮೇಲೆ ಜಾಲರಿ ಇಟ್ಟು ಸುಡು. ರುಬ್ಬುವಾಗ ಬೆಂದ ಬೇಳೆ, ಸೊಪ್ಪು ಒಂದು ಸೌಟು ಸೇರಿಸು. ನಾಲ್ಕು ಕಾಳುಮೆಣಸೂ ಇರಲಿ. ಸದ್ಯಕ್ಕೆ ಇಷ್ಟೇ ಮಾಡಿ ನೋಡು.

ಸೊಪ್ಪಿನ ಹುಚ್ಚ:
ನಾನೂ ಪುಣೆಯಲ್ಲಿ ನಾಲ್ಕು ವರ್ಷ ಇದ್ದೆ ಅಕ್ಕ. ಮಾರುಕಟ್ಟೆಯಲ್ಲಿ ಶೇಪು ಅಂತ ಕೇಳಿ, ಅದೇ ನಮ್ಮ ಸಬ್ಬಸಿಗೆ. ಒಂದು ವಾರ ತೊಗರಿಬೇಳೆ ಬಿಟ್ಟು ಹೆಸರುಕಾಳಿನ ಜೊತೆ ಹಾಕಿ. ಆದರೆ ಅದರ ವಾಸನೆ ಜೋರು, ಮಕ್ಕಳಿಗೆ ಒಂದೇ ಸಲಕ್ಕೆ ಹಿಡಿಸುವುದಿಲ್ಲ. ಮೂರು ಪಾಲು ದಂಟಿಗೆ ಒಂದು ಪಾಲು ಸಬ್ಬಸಿಗೆ ಸಾಕು. ಹುರುಳಿಕಾಳು ಬೇಕಾದರೆ ಕುಳೀಥ್ ಅನ್ನಿ, ಕೊಡುತ್ತಾರೆ. ಚಳಿಗೆ ಅದರ ಬಸ್ಸಾರಿನಷ್ಟು ಹಿತ ಬೇರೆ ಇಲ್ಲ.

ಮದ್ದೂರಿನ ಮಗಳು:
ಭಾನುವಾರ ಅಜ್ಜಿ ಹೇಳಿದ ಹಾಗೇ ಮಾಡಿದೆ. ಕಟ್ಟು ತಿಳಿಯಾಗಿ ಬಂತು. ಈರುಳ್ಳಿ ಸುಡುವಾಗ ಮನೆಯೆಲ್ಲ ಘಮ್ಮೆಂದಿತು. ಅಪ್ಪ ಮೊದಲ ತುತ್ತಿಗೆ ಏನೂ ಹೇಳಲಿಲ್ಲ. ಎರಡನೇ ಸಲ ಸಾರು ಬಡಿಸುವಾಗ "ಈರುಳ್ಳಿ ಸುಟ್ಟೆಯಾ?" ಅಂದರು. ಅಮ್ಮನೂ ಮೊದಲು ಹಾಗೇ ಮಾಡುತ್ತಿದ್ದಳಂತೆ, ಮನೆಗೆ ಗ್ಯಾಸ್ ಬಂದ ಮೇಲೆ ಬಿಟ್ಟಳಂತೆ. ನನಗೆ ಗೊತ್ತೇ ಇರಲಿಲ್ಲ.

ಮಗಳು ಮುದ್ದೆ ಮುಟ್ಟಲಿಲ್ಲ. ಆದರೆ ಬಿಸಿ ಅನ್ನಕ್ಕೆ ಸಾರು, ತುಪ್ಪ ಹಾಕಿಕೊಂಡು ಉಂಡಳು. ಉಳಿದ ಪಲ್ಯವನ್ನು ಸೋಮವಾರ ಚಪಾತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದ್ದೆ, ಡಬ್ಬಿ ಖಾಲಿಯಾಗಿ ಬಂತು! ಈಗ ಹುರುಳಿಕಾಳು ತಂದಿದ್ದೇನೆ. ನೆನೆಸಬೇಕಾ ಅಜ್ಜಿ?

ಹಾಸನದ ಅಜ್ಜಿ:
ರಾತ್ರಿಯೇ ನೆನೆಸು. ಹುರುಳಿ ಗಟ್ಟಿ ಕಾಳು, ಅದಕ್ಕೆ ಕುಕ್ಕರ್ ಆಗುತ್ತೆ, ಕರಗುವುದಿಲ್ಲ. ಆ ಸಾರು ಮಾರನೇ ದಿನ ಕುದಿಸಿದರೆ ಇನ್ನೂ ರುಚಿ. ಅಪ್ಪನಿಗೆ ಒಂದು ಬಟ್ಟಲು ಎತ್ತಿಡಮ್ಮ.