ಸಹಾಯ ಬೇಕು: ಹಾಲಿನ ಕ್ಯಾನ್ ಹೊರುವ 100 ಸಿಸಿ ಬೈಕಿಗೆ ಯಾವ ಹಿಂದಿನ ಶಾಕ್ (ಶಾಕ್ ಅಬ್ಸಾರ್ಬರ್)?

ಗೊತ್ತಿದ್ದವರು ಸ್ವಲ್ಪ ಹೇಳಿ. ಹಳೇ 100 ಸಿಸಿ ಬೈಕು, ಹಿಂದೆ ಎರಡು ಶಾಕ್. ಡೈರಿಗೆ ಹೋಗುವಾಗ ಸವಾರ 70 ಕೆಜಿ, ಎರಡೂ ಬದಿ ಕ್ಯಾನ್ ಸೇರಿ 45 ಕೆಜಿ. ವಾಪಸ್ ಬರುವಾಗ ಖಾಲಿ.

ಈಗಿರುವ ಶಾಕ್ ಬೋಲ್ಟ್ ಮಧ್ಯದಿಂದ ಬೋಲ್ಟ್ ಮಧ್ಯಕ್ಕೆ 320 ಎಂಎಂ, ಸ್ಪ್ರಿಂಗ್ ತಂತಿ 6.5 ಎಂಎಂ. ಲೋಡ್ ಹಾಕಿದರೆ 80 ಎಂಎಂ ಓಡಾಟದಲ್ಲಿ 45 ಎಂಎಂ ಕೂತೇ ಬಿಡುತ್ತದೆ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೂರಬಾರದು. ಹಂಪ್ ಸಿಕ್ಕರೆ ಟೈರು ಮಡ್‌ಗಾರ್ಡ್‌ಗೆ ಉಜ್ಜುತ್ತದೆ, ಒಳಗಡೆ ಕಪ್ಪು ಗೆರೆಯೇ ಬಿದ್ದಿದೆ.

ಸ್ಪ್ರಿಂಗ್ ಒತ್ತಿ ಹಿಡಿಯುವ ಅಡ್ಜಸ್ಟರ್ ಕೊನೇ ಮೆಟ್ಟಿಲಿಗೆ ತಿರುಗಿಸಿಯಾಯಿತು. ಅದರಿಂದ ಗಾಡಿ ಮೇಲೇಳುತ್ತದೆ ಅಷ್ಟೇ, ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಬುಷ್ ಹೊಸದು, ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್ ಅಲ್ಲಾಡುತ್ತಿಲ್ಲ, ಆಯಿಲ್ ಲೀಕ್ ಇಲ್ಲ.

ಅಂಗಡಿಯಲ್ಲಿ ಎರಡು ಸಿಗುತ್ತಿವೆ. ಒಂದು, ಅದೇ 320ರದ್ದು, 7 ಎಂಎಂ ತಂತಿ. ಸುತ್ತು, ಅಗಲ ಅಷ್ಟೇ ಇದ್ದರೆ ಬಿಗಿ ಸುಮಾರು ಮೂರನೇ ಒಂದು ಭಾಗ ಏರುತ್ತದೆ. ಆದರೆ ಒಳಗಿನ ಆಯಿಲ್ ಡ್ಯಾಂಪಿಂಗ್ (ಸ್ಪ್ರಿಂಗ್ ಪುಟಿಯುವುದನ್ನು ತಡೆಯುವುದು) ಹಳೇ ಅಳತೆಯದ್ದೇ ಆಗಿದ್ದರೆ ಖಾಲಿ ಗಾಡಿ ಹಂಪ್ ಮೇಲೆ ಒದೆಯುತ್ತದೆ. ಇನ್ನೊಂದು 335 ಎಂಎಂ ಗ್ಯಾಸ್ ಶಾಕ್, ಅಂದರೆ ಆಯಿಲ್ ಜೊತೆ ಒತ್ತಡದ ಗ್ಯಾಸ್ ತುಂಬಿದ್ದು. 15 ಎಂಎಂ ಉದ್ದವಾದರೆ ಚೈನ್ ಕೋನ ಬದಲಾಗುತ್ತದೆ, ಡಬಲ್ ಸ್ಟ್ಯಾಂಡ್ ಹಾಕಿದರೂ ಚಕ್ರ ನೆಲ ಬಿಡಲಿಕ್ಕಿಲ್ಲ.

ನನ್ನ ಪ್ರಶ್ನೆ ಇಷ್ಟೇ: 7 ಎಂಎಂ ಸ್ಪ್ರಿಂಗ್‌ಗೆ ಗಟ್ಟಿ ಆಯಿಲ್ ಹಾಕಿಸಿದರೆ ಖಾಲಿ ಗಾಡಿಯ ಒದೆತ ನಿಲ್ಲುತ್ತದಾ? ಹಾಕಿಸುವುದಾದರೆ ಯಾವ ಗ್ರೇಡ್, ಒಂದು ಶಾಕ್‌ಗೆ ಎಷ್ಟು ಎಂಎಲ್? ಇಲ್ಲ, 320ರಲ್ಲೇ ಗ್ಯಾಸ್ ಹುಡುಕುವುದು ಒಳ್ಳೆಯದಾ?