ಅಪ್‌ಡೇಟ್: ನನ್ನದೇ ವಿನ್ಯಾಸ ದೃಷ್ಟಿ ಹುಡುಕುತ್ತಿದ್ದೆನಲ್ಲ, ಒಂದು ಎಳೆ ಸಿಕ್ಕಿದೆ

ಆರು ತಿಂಗಳ ಹಿಂದೆ ಕೇಳಿದ್ದೆ: ಐದು ವರ್ಷದಿಂದ ಆರ್ಕಿಟೆಕ್ಟ್ ಆಗಿದ್ದೀನಿ, ಆದರೂ ನನ್ನದು ಅನ್ನೋ ದೃಷ್ಟಿ ಇಲ್ಲ, ಹೇಗೆ ಬೆಳೆಸಿಕೊಳ್ಳಲಿ? "ಇಷ್ಟವಾದ ಕಟ್ಟಡದಲ್ಲಿ ಒಂದು ದಿನ ಸುಮ್ಮನೆ ಕೂತು ಬಾರಮ್ಮ" ಅಂದ ಹಿರಿಯರಿಗೆ ಮೊದಲು ನಮಸ್ಕಾರ.

ಅನುಮತಿ ಪಡೆದು ಬೆಂಗಳೂರಿನ ಐಐಎಂಗೆ ಹೋದೆ. 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಅಂತರರಾಷ್ಟ್ರೀಯ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಆರ್ಕಿಟೆಕ್ಟ್ ಬಿ.ವಿ. ದೋಶಿ ಅವರು ಮೊಘಲರ ಕಾಲದ ಫತೇಪುರ್ ಸಿಕ್ರಿ ನಗರದಿಂದ ಸ್ಫೂರ್ತಿ ಪಡೆದು ರೂಪಿಸಿದ ಕ್ಯಾಂಪಸ್ ಅದು. ಒರಟು ಗ್ರಾನೈಟ್ ಗೋಡೆ, ಉದ್ದುದ್ದ ಮೊಗಸಾಲೆ. ಕೆಲವು ಕಡೆ ಮೇಲೆ ಚಾವಣಿ, ಕೆಲವು ಕಡೆ ಬರೀ ತೊಲೆಗಳು, ಬಳ್ಳಿ. ಸಂಜೆವರೆಗೂ ಕೂತೆ. ನೆರಳು ಸರಿದಂತೆ ಜನ ನಿಲ್ಲೋ ಜಾಗವೂ ಸರಿಯುತ್ತಿತ್ತು. ತಟ್ಟನೆ ನೆನಪಾಗಿದ್ದು ಸಾಗರದ ಅಜ್ಜಿಮನೆ ಜಗಲಿ. ಒಳಗೂ ಅಲ್ಲ, ಹೊರಗೂ ಅಲ್ಲ; ಅಡಿಕೆ ಸುಲಿಯೋದು, ಹರಟೆ, ಮಧ್ಯಾಹ್ನದ ನಿದ್ದೆ ಎಲ್ಲ ಅಲ್ಲೇ.

ಈಗ ತುಮಕೂರಿನ 30×40 ಸೈಟಿನ ಮನೆಯೊಂದರಲ್ಲಿ ಹಾಲ್‌ನಿಂದ ನಾಲ್ಕು ಅಡಿ ತೆಗೆದು ಜಗಲಿಗೆ ಕೊಟ್ಟಿದ್ದೀನಿ. ಯಜಮಾನರು ಮೊದಲು ಒಪ್ಪಲಿಲ್ಲ. ಸೈಟಿನಲ್ಲಿ ಸುಣ್ಣದ ಗೆರೆ ಎಳೆದು, ಕುರ್ಚಿ ಹಾಕಿ, ಅವರ ತಾಯಿಯನ್ನು ಕೂರಿಸಿದೆ. ಅಜ್ಜಿ ಅರ್ಧ ಗಂಟೆ ಎದ್ದೇಳಲೇ ಇಲ್ಲ. ಕಳೆದ ವಾರ ಪಾಯ ತೆಗೆದರು.