ಚಿತ್ರಪುಸ್ತಕದ ತಮಾಷೆ ಪುಟ 13ರಲ್ಲಿ ಸಪ್ಪೆಯಾಗುತ್ತದೆ, ಏನು ಮಾಡಲಿ?

ಮಲ್ಪೆಬೆಕ್ಕು:
4–7 ವರ್ಷದವರಿಗೆ 32 ಪುಟದ ಚಿತ್ರಪುಸ್ತಕ, 8×8 ಇಂಚು, ಜಲವರ್ಣ. ಬರಹವೂ ಚಿತ್ರವೂ ನನ್ನದೇ. ಮಲ್ಪೆ ಬಂದರಿನ ಬೆಕ್ಕು ಬಂಗುಡೆ ಮೀನು ಕದಿಯಲು ಹೋಗುವ ಕಥೆ. ಪುಟ 12ರಲ್ಲಿ ಬೆಕ್ಕು ಬುಟ್ಟಿಯ ಮುಚ್ಚಳ ತೆಗೆಯುತ್ತದೆ, 13ರಲ್ಲಿ ಏಡಿ ಮೂಗು ಹಿಡಿಯುತ್ತದೆ. ಓದಿ ಹೇಳಿದರೆ ಮಕ್ಕಳು ನಗುವುದೇ ಇಲ್ಲ. ಮುಖಭಾವ ಇನ್ನೂ ಜೋರು ಮಾಡಬೇಕಾ?

ಗೆರೆಗಾರ_ಉಡುಪಿ:
ಮುಖ ಮುಟ್ಟಬೇಡಿ. 12 ಮತ್ತು 13 ಎದುರುಬದುರು ಪುಟ. ನೀವು ಎಡಪುಟ ಓದುವಷ್ಟರಲ್ಲಿ ಮಗು ಬಲಗಡೆಯ ಏಡಿಯನ್ನು ನೋಡಿ ಆಗಿರುತ್ತದೆ. ಮುಚ್ಚಳ ತೆಗೆಯುವುದು ಬಲಪುಟದಲ್ಲಿ, ಅಂದರೆ ಬೆಸಸಂಖ್ಯೆಯಲ್ಲಿ, ಕೊನೆಯ ಸಾಲಾಗಿ ಬರಲಿ. ಏಡಿ ಪುಟ ಮಗುಚಿದ ಮೇಲೆ 14–15ರಲ್ಲಿ ಇಡೀ ಹರವಿಗೆ, ಅಂದರೆ ಎದುರುಬದುರಿನ ಎರಡೂ ಪುಟ ತುಂಬುವಂತೆ, ಬರಲಿ. ಯಕ್ಷಗಾನದ ಹಾಸ್ಯಗಾರ ಮಾತು ಹಾಕುವ ಮೊದಲು ಒಂದು ಗಳಿಗೆ ನಿಲ್ಲುತ್ತಾನಲ್ಲ, ಪುಟ ಮಗುಚುವುದೇ ಆ ಗಳಿಗೆ.

ಒಂದು ಎಚ್ಚರ: ಮಧ್ಯೆ ಒಂದೇ ಪುಟ ಸೇರಿಸಿದರೆ ಮುಂದಿನ ತಮಾಷೆಗಳೆಲ್ಲ ಎಡಬಲ ಅದಲುಬದಲಾಗಿ ಕೆಡುತ್ತವೆ. ಹಾಗಾಗಿ ಮುಂದೆ ಎಲ್ಲಾದರೂ ಎರಡು ಪುಟದ ಮಾತನ್ನು ಒಂದಕ್ಕೆ ಇಳಿಸಿ ಸರಿದೂಗಿಸಿ. ಎಂಟು ಎ4 ಹಾಳೆ ಮಡಚಿ ನಡುವೆ ಪಿನ್ ಹೊಡೆದರೆ 32 ಪುಟದ ಡಮ್ಮಿ (ಮಾದರಿ ಪುಸ್ತಕ) ಸಿದ್ಧ. ಪೆನ್ಸಿಲ್ ಗೀಟು ಸಾಕು. ಬಣ್ಣ ಹಚ್ಚಿದ ಮೇಲೆ ಯಾರಿಗೂ ಪುಟ ಕಿತ್ತುಹಾಕಲು ಮನಸ್ಸು ಬರುವುದಿಲ್ಲ.

ಕುಡ್ಲಕಾಗೆ:
ಮೇಲಿನದು ಸರಿ, ಆದರೆ ಅರ್ಧ ಸಮಸ್ಯೆ ಬರಹದಲ್ಲೂ ಇರುತ್ತದೆ ಮಾರಾಯ್ರೆ. ಚಿತ್ರದಲ್ಲಿ ಏಡಿ ಮೂಗು ಹಿಡಿದಿರುವಾಗ "ಏಡಿ ಮೂಗು ಹಿಡಿಯಿತು" ಅಂತ ಬರೆಯುವುದು ಯಾಕೆ? "ಬೆಕ್ಕಿಗೆ ಒಂಚೂರೂ ನೋವಾಗಲಿಲ್ಲ" ಅಂತ ಬರೆದುಬಿಡಿ. ಸುಳ್ಳು ಹಿಡಿಯುವ ಕೆಲಸ ಮಗುವಿಗೆ ಸಿಕ್ಕಿತು, ನಗು ಅಲ್ಲಿಂದಲೇ ಹುಟ್ಟುತ್ತದೆ.

ಕಥೆ ಜುಲೈ ಮಳೆಯಲ್ಲಿ ನಡೆಯುವುದಾದರೆ ಟ್ರಾಲ್ ಬೋಟಿನಿಂದ (ದೊಡ್ಡ ಬಲೆ ಎಳೆಯುವ ಯಂತ್ರದ ದೋಣಿ) ಮೀನು ಇಳಿಸಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಅದರ ಮೀನುಗಾರಿಕೆಗೆ ನಿಷೇಧ, ನಾಡದೋಣಿ ಮಾತ್ರ. ಮಲ್ಪೆಯ ಮಕ್ಕಳು ಮೊದಲು ಅದನ್ನೇ ಹಿಡಿಯುತ್ತಾರೆ.

ಅಚ್ಚುಮೊಳೆ:
ಮುದ್ರಣದ ಕಡೆಯಿಂದ ಎರಡು ಮಾತು. ಹರವು ಚಿತ್ರದಲ್ಲಿ ಏಡಿಯೂ ಮೂಗೂ ಸರಿಯಾಗಿ ನಡುಮಡಿಕೆಗೆ ಬಂದರೆ ಬೈಂಡಿಂಗ್ ಅವನ್ನು ನುಂಗುತ್ತದೆ, ಕನಿಷ್ಠ ಒಂದು ಸೆಂಟಿಮೀಟರ್ ಸರಿಸಿ. ಹೊರಅಂಚಿಗೆ 3 ಮಿ.ಮೀ. ಬ್ಲೀಡ್ (ಅಂಚು ಕತ್ತರಿಸುವಾಗ ಹೋಗುವ ಹೆಚ್ಚುವರಿ ಚಿತ್ರ), ಸ್ಕ್ಯಾನ್ 300 ಡಿಪಿಐ (ಇಂಚಿಗೆ 300 ಚುಕ್ಕಿ). ಅಕ್ಷರವನ್ನು ಚಿತ್ರದ ಮೇಲೆ ಕೈಯಲ್ಲಿ ಬರೆಯಬೇಡಿ. ಬೇರೆ ಲೇಯರಿನಲ್ಲಿ, ಬರೀ ಕಪ್ಪು ಶಾಯಿಯಲ್ಲಿ ಇಡಿ. ನಾಲ್ಕು ಶಾಯಿ ಬೆರೆಸಿದ ಕಪ್ಪಾದರೆ ಅಚ್ಚಿನ ಪ್ಲೇಟು ಕೂದಲೆಳೆ ಜರುಗಿದರೂ ಒತ್ತಕ್ಷರ ಮಸುಕಾಗುತ್ತದೆ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತು ಬಿಡಿಬಿಡಿಯಾಗಿ ಕಂಡರೆ ಅದರಲ್ಲಿರುವ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಳ್ಳಿ. ಸಾಲಿನ ಅಂತರ ಇಂಗ್ಲಿಷಿಗಿಂತ ಹೆಚ್ಚು ಬೇಕು: 20 ಪಾಯಿಂಟ್ ಅಕ್ಷರಕ್ಕೆ 30. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ.

ಮಲ್ಪೆಬೆಕ್ಕು:
8–9ರ ಎರಡು ಪುಟ ಒಂದಾಗಿಸಿದರೆ ಮುಚ್ಚಳ 11ಕ್ಕೆ, ಏಡಿ 12–13ಕ್ಕೆ ಬರುತ್ತದೆ. ಆಗ ಏಡಿಗೇ ಎರಡು ಪುಟ ಹೋಗಿ, ಮುಂದಿನ ಲೆಕ್ಕ ಇದ್ದಲ್ಲೇ ಉಳಿಯುತ್ತದೆ. ಮಳೆಗಾಲಕ್ಕೆ ಕಾಗದ ಯಾವುದು?

ಗೆರೆಗಾರ_ಉಡುಪಿ:
300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ), ನಾಲ್ಕೂ ಬದಿ ಹಲಗೆಗೆ ಗಮ್‌ಟೇಪ್ ಹಚ್ಚಿ. ತೆಳು ಕಾಗದ ಇಲ್ಲಿಯ ತೇವಕ್ಕೆ ಹಪ್ಪಳದ ಹಾಗೆ ಏಳುತ್ತದೆ. ಮೊದಲ ಪದರ ಪೂರ್ತಿ ಒಣಗದೆ ಎರಡನೆಯದು ಹಚ್ಚಿದರೆ ಬಣ್ಣ ಕೆಸರಾಗುತ್ತದೆ.